ಪ್ರಾಸ್ಟೇಟ್ ಆಪರೇಷನ್: ಈ ಸಲದ ಕೊಯ್ಲಿಗೆ ಮುಂಚೆ ಮಾಡಿಸಲಾ, ಬೇಡವಾ?

ಮೇಗರವಳ್ಳಿ ತೋಟ · ಜುಲೈ 8

ನಮಸ್ಕಾರ. ನನಗೆ 64 ವರ್ಷ. ಮೇಗರವಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ ಇದೆ. ಮೂರು ವರ್ಷದಿಂದ ಮೂತ್ರದ ತೊಂದರೆ. ಮೊದಲು ರಾತ್ರಿ ಒಂದು ಸಲ ಏಳುತ್ತಿದ್ದೆ. ಈಗ ನಾಲ್ಕು ಸಲ, ಕೆಲವು ದಿನ ಐದು. ನಮ್ಮದು ಹಳೇ ಮನೆ. ಬಚ್ಚಲಿಗೆ ಹಿಂದಿನ ಅಂಗಳ ದಾಟಿ ಹೋಗಬೇಕು. ಈ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಟಾರ್ಚು ಹಿಡಿದು ಹೋಗಿ ನಿಂತರೆ ಎರಡು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಮಳೆ ಬಿಟ್ಟ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹಾಗೆ ಹನಿ ಹನಿ. ವಾಪಸ್ ಬಂದು ಮಲಗಿದರೆ ಇನ್ನೂ ಒಳಗೆ ಇದೆ ಅನ್ನಿಸುತ್ತದೆ.

ಶಿವಮೊಗ್ಗದಲ್ಲಿ ತೋರಿಸಿದ್ದೇನೆ. ಹೋದ ವರ್ಷ ಮೇ ತಿಂಗಳಿಂದ ಟಾಮ್ಸುಲೋಸಿನ್, ಡ್ಯುಟಾಸ್ಟೆರೈಡ್ ಎರಡೂ ಸೇರಿದ ಮಾತ್ರೆ ತಗೊಳ್ಳುತ್ತಿದ್ದೇನೆ. ಕೆಲವು ತಿಂಗಳು ಹಗುರ ಅನ್ನಿಸಿತು. ಈಗ ಮತ್ತೆ ಅದೇ ಕಥೆ. ಹೋದ ವಾರದ ರಿಪೋರ್ಟ್ ಹೀಗಿದೆ. ಪ್ರಾಸ್ಟೇಟ್, ಅಂದರೆ ಚೀಲದ ಕೆಳಗೆ ಮೂತ್ರನಾಳದ ಸುತ್ತ ಇರುವ ಗ್ರಂಥಿ, 58 ಗ್ರಾಂ. ಮೂತ್ರ ಮಾಡಿದ ಮೇಲೂ ಮೂತ್ರದ ಚೀಲದಲ್ಲಿ ಉಳಿದದ್ದು 170 ಎಂ.ಎಲ್. ಹರಿವಿನ ಪರೀಕ್ಷೆಯಲ್ಲಿ ಸೆಕೆಂಡಿಗೆ 8 ಎಂ.ಎಲ್. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ ನೋಡುವ ರಕ್ತಪರೀಕ್ಷೆ) 1.9. ಕಿಡ್ನಿ ಸರಿ ಇದೆ.

ಡಾಕ್ಟರು, "ಆಪರೇಷನ್ ಮಾಡಿಸಿಕೊಳ್ಳಬಹುದು, ತುರ್ತೇನೂ ಇಲ್ಲ, ಯೋಚನೆ ಮಾಡಿ ನೀವೇ ಹೇಳಿ" ಅಂದರು. ನನಗೆ ಕಷ್ಟವಾಗಿರುವುದೇ ಈ ಮಾತು. ಮಾಡಲೇಬೇಕು ಅಂದಿದ್ದರೆ ಮಾಡಿಸಿಬಿಡುತ್ತಿದ್ದೆ. ಬೇಡ ಅಂದಿದ್ದರೆ ಸುಮ್ನೆ ಇರುತ್ತಿದ್ದೆ. ನಮ್ಮ ಕಡೆ ಇಬ್ಬರು ಮಾಡಿಸಿಕೊಂಡಿದ್ದಾರೆ. ಒಬ್ಬರು ಹತ್ತು ವರ್ಷ ಚಿಕ್ಕವನಾದೆ ಅನ್ನುತ್ತಾರೆ. ಇನ್ನೊಬ್ಬರಿಗೆ ತಿಂಗಳುಗಟ್ಟಲೆ ಪಂಚೆಯಲ್ಲೇ ಹೋಗುತ್ತಿತ್ತಂತೆ. ನವೆಂಬರಿಗೆ ಕೊನೆ (ಅಡಿಕೆ ಗೊನೆ) ಕೊಯ್ಲು ಶುರು. ಅಷ್ಟರೊಳಗೆ ಮಾಡಿಸಲಾ, ಇನ್ನೊಂದು ವರ್ಷ ತಳ್ಳಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಾಗರದ ಮೇಷ್ಟ್ರು · ಜುಲೈ 8

ಅವಸರ ಮಾಡಬೇಡಿ. ನಾನೂ ರಾತ್ರಿ ನಾಲ್ಕು ಸಲ ಏಳುತ್ತಿದ್ದೆ. ಆಪರೇಷನ್ ಅಂತಲೇ ತೀರ್ಮಾನ ಆಗಿತ್ತು. ಎರಡನೇ ಡಾಕ್ಟರು ಒಂದು ಕೆಲಸ ಕೊಟ್ಟರು. ಮೂರು ದಿನ ಪ್ರತಿ ಸಲವೂ ಮೂತ್ರ ಅಳೆದು, ಗಂಟೆ ಸಮೇತ ಬರೆದಿಡಿ ಅಂದರು. ಒಂದು ಹಳೇ ಪ್ಲಾಸ್ಟಿಕ್ ಅಳತೆ ಲೋಟ ಬಚ್ಚಲಲ್ಲಿ ಇಟ್ಟುಕೊಂಡೆ. ಬರೆದು ನೋಡಿದರೆ ದಿನದ ಒಟ್ಟು ಮೂತ್ರದಲ್ಲಿ ಅರ್ಧದಷ್ಟು ನಾನು ಮಲಗಿದ ಮೇಲೆಯೇ ಬರುತ್ತಿತ್ತು. ನಮ್ಮ ವಯಸ್ಸಿಗೆ ಅದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ತಪ್ಪು ಪ್ರಾಸ್ಟೇಟಿನದು ಮಾತ್ರ ಅಲ್ಲವಂತೆ.

ನನಗೆ ಸಂಜೆಗೆ ಕಾಲು ಊದುತ್ತಿತ್ತು. ಮಲಗಿದಾಗ ಆ ನೀರೆಲ್ಲ ರಕ್ತಕ್ಕೆ ವಾಪಸ್ ಬಂದು ಮೂತ್ರವಾಗುತ್ತಿತ್ತು. ಜೊತೆಗೆ ರಾತ್ರಿ ಊಟದ ಮೇಲೆ ದೊಡ್ಡ ಲೋಟ ಜೀರಿಗೆ ಕಷಾಯ ಕುಡಿಯುವ ಅಭ್ಯಾಸ ಬೇರೆ. ಕಷಾಯ ಸಂಜೆ ಐದಕ್ಕೆ ಬಂತು. ಮಧ್ಯಾಹ್ನ ಒಂದು ಗಂಟೆ ಹೊತ್ತು ಕಾಲನ್ನು ಎತ್ತರಕ್ಕೆ ಇಟ್ಟು ಮಲಗುತ್ತೇನೆ. ಬಿ.ಪಿ. ಮಾತ್ರೆಯ ಹೊತ್ತನ್ನು ಡಾಕ್ಟರೇ ಬದಲಾಯಿಸಿದರು. ಈಗ ಒಂದು ಸಲ, ಅಪರೂಪಕ್ಕೆ ಎರಡು ಸಲ ಏಳುತ್ತೇನೆ. ನೀವೂ ಮೊದಲು ಬರೆದು ನೋಡಿ.

ಹೊಸನಗರ 71 · ಜುಲೈ 9

ಮೇಷ್ಟ್ರು ಹೇಳಿದ್ದು ಒಳ್ಳೆಯದೇ. ಆದರೆ ಮೇಗರವಳ್ಳಿಯವರ ಚೀಲದಲ್ಲಿ 170 ಉಳಿಯುತ್ತಿದೆ. ತಳ್ಳುತ್ತಾ ಹೋದರೆ ಏನಾಗಬಹುದು ಅಂತ ನನ್ನ ಕಥೆ ಹೇಳುತ್ತೇನೆ.

ನಾನು ನಾಲ್ಕು ವರ್ಷ ತಳ್ಳಿದೆ. ಹೋದ ವರ್ಷ ಜುಲೈಯಲ್ಲಿ ಒಂದು ವಾರ ಬಿಡದೆ ಮಳೆ. ಜೋರು ನೆಗಡಿ ಹಿಡಿಯಿತು. ಅಂಗಡಿಯಿಂದ ನೆಗಡಿ ಮಾತ್ರೆ ತಂದು ಎರಡು ದಿನ ನುಂಗಿದೆ. ಮೂರನೇ ದಿನ ಸಂಜೆ ಮೂತ್ರ ಪೂರ್ತಿ ನಿಂತುಹೋಯಿತು. ಒಂದು ಹನಿ ಇಲ್ಲ. ಹೊಟ್ಟೆ ಕೆಳಗೆ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ. ಕೂರಲಾರೆ, ನಿಲ್ಲಲಾರೆ. ರಾತ್ರಿ ಹತ್ತಕ್ಕೆ ಮಗ ಜೀಪು ತೆಗೆದ. ದಾರಿಯಲ್ಲಿ ಮರ ಬಿದ್ದು ಮುಕ್ಕಾಲು ಗಂಟೆ ನಿಂತೆವು. ಆ ಮುಕ್ಕಾಲು ಗಂಟೆಯಲ್ಲಿ ಸೀಟಿನ ಕಂಬಿ ಹಿಡಿದು ನಾನು ಅತ್ತಿದ್ದೇನೆ. 71 ವರ್ಷದವನು, ಮಗನ ಎದುರಿಗೆ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದಾಗ 900 ಎಂ.ಎಲ್. ಬಂತು.

ನೆಗಡಿ ಮಾತ್ರೆಯಲ್ಲಿ ಮೂಗು ಬಿಡಿಸುವ ಮದ್ದು ಇರುತ್ತದೆ, ನಿದ್ದೆ ಬರಿಸುವ ಅಲರ್ಜಿ ಮದ್ದೂ ಇರುತ್ತದೆ. ಒಂದು ಚೀಲದ ಬಾಯಿಯನ್ನು ಬಿಗಿ ಮಾಡುತ್ತದೆ. ಇನ್ನೊಂದು ಚೀಲ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಇದನ್ನು ನನಗೆ ಮುಂಚೆ ಯಾರೂ ಹೇಳಿರಲಿಲ್ಲ. ಆಮೇಲೆ ಒಂದು ಸಲ ನಳಿಕೆ ತೆಗೆದು ನೋಡಿದರು, ಮತ್ತೆ ಕಟ್ಟಿತು. ಮೂರು ವಾರ ನಳಿಕೆಯ ಪ್ಲಾಸ್ಟಿಕ್ ಚೀಲ ನೇತಾಡಿಸಿಕೊಂಡು ಓಡಾಡಿ, ಕೊನೆಗೆ ಆಪರೇಷನ್ ಮಾಡಿಸಿದೆ. ಒಂದು ವರ್ಷ ಮುಂಚೆ ನಾನಾಗಿಯೇ ಹೋಗಿದ್ದರೆ ಇಷ್ಟು ಪಡಬೇಕಿರಲಿಲ್ಲ ಅನ್ನುವ ನೋವು ಈಗಲೂ ಇದೆ.

ವಿನೋಬನಗರ ನರ್ಸ್ · ಜುಲೈ 9

ಯೂರಾಲಜಿ (ಮೂತ್ರರೋಗ) ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ನಾನು ಡಾಕ್ಟರಲ್ಲ, ನೋಡಿದ್ದನ್ನು ಹೇಳುತ್ತೇನೆ.

ಮೊದಲನೆಯದು, 58 ಗ್ರಾಂ ಅನ್ನುವ ಸಂಖ್ಯೆಗೆ ಹೆದರಬೇಡಿ. ಪ್ರಾಯದವರಲ್ಲಿ ಅದು ಸುಮಾರು 20 ಗ್ರಾಂ ಇರುತ್ತದೆ, ವಯಸ್ಸಾದಂತೆ ಬೆಳೆಯುತ್ತದೆ. 30 ಗ್ರಾಂ ಇದ್ದು ಮೂತ್ರ ಕಟ್ಟಿ ಬಂದವರನ್ನು ನೋಡಿದ್ದೇನೆ. 90 ಇದ್ದೂ ಆರಾಮಾಗಿ ತೋಟ ಸುತ್ತುವವರನ್ನೂ ನೋಡಿದ್ದೇನೆ. ಹೊರಗೆ ಎಷ್ಟು ದಪ್ಪ ಇದೆ ಅನ್ನುವುದಕ್ಕಿಂತ ಒಳಗಿನ ದಾರಿಯನ್ನು ಎಷ್ಟು ಒತ್ತಿದೆ ಅನ್ನುವುದು ಮುಖ್ಯ. ಗಾತ್ರ ಬೇಕಾಗುವುದು ಯಾವ ಥರದ ಆಪರೇಷನ್ ಅಂತ ಆರಿಸುವಾಗ.

ಎರಡನೆಯದು, ಚೀಲವನ್ನು ನೋಡಿ. ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪಿಗೆ ಕಸ ಕಟ್ಟಿದ್ದರೂ ಮೋಟಾರು ಓಡಿಸುತ್ತಲೇ ಇದ್ದರೆ ಏನಾಗುತ್ತದೆ? ಮೂತ್ರದ ಚೀಲವೂ ಹಾಗೇ. ಮೊದಲು ಮುಕ್ಕಿ ಮುಕ್ಕಿ ಗೋಡೆ ದಪ್ಪವಾಗುತ್ತದೆ. ಆಗ ಅವಸರ, ಪದೇ ಪದೇ ಹೋಗುವುದು. ವರ್ಷಗಟ್ಟಲೆ ಆದ ಮೇಲೆ ಸೋತು ಸಡಿಲವಾಗುತ್ತದೆ. ಪೈಪು ಯಾವತ್ತು ಬೇಕಾದರೂ ಬಿಡಿಸಬಹುದು. ಸುಟ್ಟ ಮೋಟಾರನ್ನು ಸರಿ ಮಾಡುವುದು ಕಷ್ಟ. ಮೂತ್ರ ಮತ್ತೆ ಮತ್ತೆ ಕಟ್ಟುವುದು, ಮತ್ತೆ ಮತ್ತೆ ಸೋಂಕು, ಚೀಲದಲ್ಲಿ ಕಲ್ಲು, ಬಿಡದೆ ರಕ್ತ, ಕಿಡ್ನಿ ಊದಿಕೊಳ್ಳುವುದು, ಇವುಗಳಲ್ಲಿ ಒಂದಿದ್ದರೂ ಆಪರೇಷನ್ ಮಾಡಿಸಿ ಅಂತಲೇ ಹೇಳುತ್ತಾರೆ. ನಿಮಗೆ ಇವು ಯಾವುದೂ ಇಲ್ಲ. ಅದಕ್ಕೇ ಡಾಕ್ಟರು ನಿಮ್ಮ ಕೈಗೆ ಬಿಟ್ಟಿದ್ದು, ಜವಾಬ್ದಾರಿ ತಪ್ಪಿಸಿಕೊಳ್ಳಲು ಅಲ್ಲ.

ಇನ್ನೊಂದು ವಿಷಯ ಇವತ್ತೇ ಹೇಳಬೇಕು. ಪಿಎಸ್‌ಎ 1.9 ಬಂದಿದ್ದು ಡ್ಯುಟಾಸ್ಟೆರೈಡ್ ತಿನ್ನುತ್ತಿರುವಾಗ ಅಲ್ವಾ? ಆ ಮಾತ್ರೆ ಆರು ತಿಂಗಳ ಮೇಲೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಹಾಗಾಗಿ ಅದನ್ನು ಎರಡರಿಂದ ಗುಣಿಸಿ, ಮಾತ್ರೆ ಶುರು ಮಾಡುವ ಮುಂಚಿನ ರಿಪೋರ್ಟಿನ ಜೊತೆ ಹೋಲಿಸಬೇಕು. ಹೆದರುವ ಮಾತಲ್ಲ. ಆದರೆ ಮಾತ್ರೆ ವಿಷಯ ಡಾಕ್ಟರ ಗಮನದಲ್ಲಿ ಇದೆಯಾ ಕೇಳಿ. ಪ್ರಾಸ್ಟೇಟ್ ದಪ್ಪವಾಗುವುದು ಬೇರೆ, ಕ್ಯಾನ್ಸರ್ ಬೇರೆ. ದಪ್ಪವಾದದ್ದೇ ಮುಂದೆ ಕ್ಯಾನ್ಸರ್ ಆಗುವುದಿಲ್ಲ. ಆದರೆ ಒಬ್ಬರಿಗೇ ಎರಡೂ ಇರಬಹುದು.

ಕೊಪ್ಪದ ಗೃಹಿಣಿ · ಜುಲೈ 10

ಗಂಡಸರೇ ಮಾತಾಡುವ ಜಾಗದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನ್ನ ಯಜಮಾನರಿಗೆ ಇದೇ ತೊಂದರೆ ಆರು ವರ್ಷ ಇತ್ತು. ಅವರನ್ನು ಕೇಳಿದರೆ "ಅಷ್ಟೇನಿಲ್ಲ" ಅನ್ನುತ್ತಿದ್ದರು. ಡಾಕ್ಟರ ಹತ್ತಿರವೂ ಅದೇ ಮಾತು.

ನಾನು ನೋಡಿದ್ದು ಬೇರೆ. ತಂಗಿ ಮಗಳ ಮದುವೆಗೆ ಬರಲಿಲ್ಲ, ತೋಟಕ್ಕೆ ಔಷಧಿ ಹೊಡೆಸಬೇಕು ಅಂದರು. ಶಿವಮೊಗ್ಗಕ್ಕೆ ಹೋಗುವ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿರಲಿಲ್ಲ, ನೀರೂ ಇಲ್ಲ. ಬಸ್ಸು ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಬಾಯಿಪಾಠ ಇತ್ತು. ಆಟಕ್ಕೆ ಹೋಗುವುದೆಂದರೆ ಪ್ರಾಣ. ಅದೇ ಮನುಷ್ಯ ಯಕ್ಷಗಾನ ನೋಡುವುದನ್ನೇ ಬಿಟ್ಟರು. ರಾತ್ರಿ ಅವರು ಎದ್ದಾಗೆಲ್ಲ ನನಗೂ ಎಚ್ಚರ. ಹೊರಗೆ ಜಾರಿ ಬಿದ್ದರೆ ಅಂತ ಅವರು ಬಂದು ಚಿಲಕ ಹಾಕುವ ಸದ್ದಿಗೆ ಕಾಯುತ್ತಾ ಇರುತ್ತಿದ್ದೆ.

ಕೊನೆಗೆ ಒಂದು ದಿನ ನಾನೂ ಒಳಗೆ ಹೋಗಿ ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಏಳು ಪ್ರಶ್ನೆಯ ಒಂದು ಹಾಳೆ ಕೊಟ್ಟು ಇಬ್ಬರೂ ಕೂತು ತುಂಬಿ ಅಂದರು. 35ಕ್ಕೆ 24 ಬಂತು. 20ರ ಮೇಲೆ ಬಂದರೆ ತೀವ್ರ ಅಂತೆ. ಅಣ್ಣ, ನೀವೂ ಆ ಹಾಳೆಯನ್ನು ಅತ್ತಿಗೆ ಜೊತೆ ಕೂತು ತುಂಬಿ. ಈಗ ಇವರು ಆಪರೇಷನ್ ಆಗಿ ಎರಡು ವರ್ಷ. ಹೋದ ಮಾರ್ಚಿನಲ್ಲಿ ಬೆಳಗಿನವರೆಗೆ ಆಟ ನೋಡಿ ಬಂದರು.

ಭದ್ರಾವತಿ ಹಳೇ ನೌಕರ · ಜುಲೈ 11

ಎಲ್ಲರಿಗೂ ಆಪರೇಷನ್ನಿಂದ ಸರಿಹೋಗುವುದಿಲ್ಲ, ಅದನ್ನೂ ಹೇಳಬೇಕು. ನನಗೆ 20 ವರ್ಷದಿಂದ ಸಕ್ಕರೆ ಕಾಯಿಲೆ. ನನಗೂ ಹರಿವು ಕಡಿಮೆ, ಉಳಿಯುವುದು ಜಾಸ್ತಿ. ಆದರೆ ಯೂರೋಡೈನಮಿಕ್ಸ್ ಅನ್ನುವ ಪರೀಕ್ಷೆ ಮಾಡಿದಾಗ ಚೀಲಕ್ಕೇ ಹಿಂಡುವ ಶಕ್ತಿ ಇಲ್ಲ ಅಂತ ಗೊತ್ತಾಯಿತು. ಸಕ್ಕರೆಯಿಂದ ನರ ಸತ್ತಿತ್ತು. ಅಂಥವರಿಗೆ ಪ್ರಾಸ್ಟೇಟ್ ಕೆರೆದರೂ ಪ್ರಯೋಜನ ಕಡಿಮೆ. ದಿನಕ್ಕೆ ಮೂರು ಸಲ ನಾನೇ ಸಣ್ಣ ನಳಿಕೆ ಹಾಕಿ ಖಾಲಿ ಮಾಡಿಕೊಳ್ಳುತ್ತೇನೆ. ಶುರುವಿನಲ್ಲಿ ಕೈ ನಡುಗುತ್ತಿತ್ತು, ಈಗ ಐದು ನಿಮಿಷದ ಕೆಲಸ. ಸಕ್ಕರೆ, ಪಾರ್ಶ್ವವಾಯು, ಪಾರ್ಕಿನ್ಸನ್ ಇದ್ದವರು ಆಪರೇಷನ್ನಿಗೆ ಮುಂಚೆ ಈ ಪರೀಕ್ಷೆ ಬೇಕಾ ಅಂತ ಕೇಳಿ.

ಮೇಗರವಳ್ಳಿ ತೋಟ · ಜುಲೈ 19

ಎಲ್ಲರಿಗೂ ಕೃತಜ್ಞತೆ. ಸಕ್ಕರೆ ಇಲ್ಲ. ಮೇಷ್ಟ್ರು ಹೇಳಿದ ಹಾಗೆ ಮೂರು ದಿನ ಬರೆದೆ. ನನಗೆ ಹಗಲೂ ರಾತ್ರಿಯೂ ಒಂದೇ ಥರ. ಒಂದೊಂದು ಸಲಕ್ಕೆ 80, 100, 120. ಅಂದರೆ ರಾತ್ರಿ ನೀರು ಜಾಸ್ತಿ ಆಗುತ್ತಿಲ್ಲ, ಚೀಲ ಖಾಲಿಯಾಗುತ್ತಿಲ್ಲ. ಕೊಪ್ಪದ ತಂಗಿ ಹೇಳಿದ ಹಾಳೆಯನ್ನು ಒಬ್ಬನೇ ತುಂಬಿದಾಗ 15 ಬಂತು. ನನ್ನ ಹೆಂಡತಿ ಪಕ್ಕದಲ್ಲಿ ಕೂತು ತಿದ್ದಿಸಿದಳು, 22 ಆಯಿತು. ಅದನ್ನು ನೋಡಿ ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ.

ಪಿಎಸ್‌ಎ ವಿಷಯ ಕೇಳಿದೆ. ಮಾತ್ರೆಗೆ ಮುಂಚೆ 3.9 ಇತ್ತಂತೆ, ಈಗಿನದನ್ನು ಎರಡು ಪಟ್ಟು ಮಾಡಿದರೆ 3.8. ಬೆರಳು ಪರೀಕ್ಷೆಯಲ್ಲೂ ಗಂಟು ಇಲ್ಲ. ಚಿಂತೆ ಇಲ್ಲ ಅಂದರು.

ಈಗ ಎರಡು ಪ್ರಶ್ನೆ. ಒಬ್ಬರು ಲೇಸರ್ ಮಾಡಿಸಿ, ಹಳೇ ಪದ್ಧತಿ ಬೇಡ ಅನ್ನುತ್ತಿದ್ದಾರೆ. ಹೌದಾ? ಇನ್ನೊಂದು, ಗಂಡಹೆಂಡಿರ ವಿಷಯ. ಅದಕ್ಕೆ ತೊಂದರೆ ಆಗುತ್ತದಾ? ಡಾಕ್ಟರ ಎದುರಿಗೆ ಕೇಳಲು ಬಾಯಿ ಬರಲಿಲ್ಲ, ಹಿಂದೆ ಜನ ನಿಂತಿದ್ದರು.

ಹೊಸನಗರ 71 · ಜುಲೈ 19

ಎರಡನೆಯದಕ್ಕೆ ನಾನು ನೇರವಾಗಿ ಹೇಳುತ್ತೇನೆ. ಆಸೆ ಹೋಗುವುದಿಲ್ಲ. ಶಕ್ತಿಯೂ ಸಾಮಾನ್ಯವಾಗಿ ಮುಂಚೆ ಇದ್ದಷ್ಟೇ ಇರುತ್ತದೆ. ಆದರೆ ವೀರ್ಯ ಹೊರಗೆ ಬರುವುದಿಲ್ಲ, ಹಿಂದಕ್ಕೆ ಚೀಲಕ್ಕೆ ಹೋಗಿ ಆಮೇಲೆ ಮೂತ್ರದಲ್ಲಿ ಹೋಗುತ್ತದೆ. ಟರ್ಪ್, ಅಂದರೆ ಆ ಹಳೇ ಪದ್ಧತಿಯ ಆಪರೇಷನ್, ಮಾಡಿಸಿದವರಲ್ಲಿ ಹೆಚ್ಚಿನವರಿಗೆ ಇದು ಆಗುತ್ತದೆ, ಲೇಸರಿನಲ್ಲೂ ಆಗುತ್ತದೆ. ದೇಹಕ್ಕೆ ಇದರಿಂದ ಕೆಡುಕಿಲ್ಲ. ಮುಂಚೆ ಗೊತ್ತಿಲ್ಲದಿದ್ದರೆ ಗಾಬರಿಯಾಗುತ್ತದೆ, ನನಗೆ ಆಯಿತು. ಇನ್ನು ಮಕ್ಕಳು ಬೇಕು ಅನ್ನುವ ವಯಸ್ಸಿನವರು ಮಾತ್ರ ಇದನ್ನು ಗಟ್ಟಿಯಾಗಿ ಯೋಚಿಸಬೇಕು.

ವಿನೋಬನಗರ ನರ್ಸ್ · ಜುಲೈ 20

ನೀವು ತಿನ್ನುತ್ತಿರುವ ಮಾತ್ರೆಯಲ್ಲಿರುವ ಎರಡು ಮದ್ದುಗಳೂ ಗಂಡಹೆಂಡಿರ ವಿಷಯದಲ್ಲಿ ಸ್ವಲ್ಪ ವ್ಯತ್ಯಾಸ ಮಾಡುತ್ತವೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲೇಸರ್ ಬಗ್ಗೆ: ಟರ್ಪ್ ಅಂದರೆ ಮೂತ್ರನಾಳದ ಮೂಲಕವೇ ದುರ್ಬೀನು ಹೋಗಿ, ಅಡ್ಡ ಬಂದ ಭಾಗವನ್ನು ಕರೆಂಟಿನ ತಂತಿಯಿಂದ ಚೂರು ಚೂರು ಕೆರೆದು ತೆಗೆಯುವುದು. ಹೊರಗೆ ಗಾಯವೇ ಇಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸುಮಾರು ಒಂದು ಗಂಟೆ. ಹೋಲೆಪ್ ಅನ್ನುವ ಲೇಸರಿನಲ್ಲಿ ಒಳಗಿನ ತಿರುಳನ್ನು ಸಿಪ್ಪೆಯಿಂದ ಇಡಿಯಾಗಿ ಬಿಡಿಸುತ್ತಾರೆ. ಕಿತ್ತಳೆ ತೊಳೆ ಬಿಡಿಸುವ ಹಾಗೆ ಅಂದುಕೊಳ್ಳಿ. 80 ಗ್ರಾಮಿಗಿಂತ ದೊಡ್ಡದಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಾದರೆ ಅದಕ್ಕೆ ನಿಜವಾದ ಲಾಭ ಇದೆ. ರಕ್ತ ಕಡಿಮೆ ಹೋಗುತ್ತದೆ, ನಳಿಕೆ ಬೇಗ ತೆಗೆಯುತ್ತಾರೆ. 58 ಗ್ರಾಮಿಗೆ ಎರಡೂ ನಡೆಯುತ್ತದೆ. ಯಂತ್ರ ಯಾವುದು ಅನ್ನುವುದಕ್ಕಿಂತ ಆ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ ಅಂತ ನೋಡಿ. "ನೀವು ಇದನ್ನು ಎಷ್ಟು ಮಾಡಿದ್ದೀರಿ?" ಅಂತ ಕೇಳುವುದು ತಪ್ಪಲ್ಲ.

ಖರ್ಚು: ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಮೊದಲು ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಗೆ ಸೇರಿದ್ದರೆ ಅದೂ ಇದೆ. ಯಾವ ಪದ್ಧತಿಗೆ ಹಣ ಸಿಗುತ್ತದೆ ಅಂತ ಅಡ್ಮಿಟ್ ಆಗುವ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ.

ಶೃಂಗೇರಿ ಹುಡುಗ · ಜುಲೈ 22

ಮಧ್ಯೆ ಒಂದು ಪ್ರಶ್ನೆ. ನಮ್ಮ ಅಪ್ಪಯ್ಯನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿ ನಾಲ್ಕು ತಿಂಗಳು. ರಕ್ತ ತೆಳು ಮಾಡುವ ಎರಡು ಮಾತ್ರೆ ಇದೆ. ಪ್ರಾಸ್ಟೇಟ್ ಆಪರೇಷನ್ ಆಗಬೇಕು. ಮಾತ್ರೆ ಒಂದು ವಾರ ನಿಲ್ಲಿಸಿದರೆ ಸಾಕು ಅಂತ ಗೊತ್ತಿರುವವರೊಬ್ಬರು ಹೇಳಿದರು.

ವಿನೋಬನಗರ ನರ್ಸ್ · ಜುಲೈ 22

ತಮ್ಮಾ, ದಯವಿಟ್ಟು ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ. ಹೊಸ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ತುರ್ತು ಇಲ್ಲದ ಆಪರೇಷನ್ನನ್ನು ಸ್ಟೆಂಟ್ ಆದ ಮೇಲೆ ತಿಂಗಳುಗಟ್ಟಲೆ ಮುಂದೆ ಹಾಕುತ್ತಾರೆ. ಹೃದಯದ ಡಾಕ್ಟರು, ಯೂರಾಲಜಿ ಡಾಕ್ಟರು ಇಬ್ಬರೂ ಮಾತಾಡಿಕೊಂಡೇ ತೀರ್ಮಾನ ಆಗಬೇಕು.

ಸಾಗರದ ಮೇಷ್ಟ್ರು · ಜುಲೈ 23

ಮೇಗರವಳ್ಳಿಯವರ ಅಳತೆ ನೋಡಿದ ಮೇಲೆ ನನ್ನ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ನನ್ನದು ಬೇರೆ, ನಿಮ್ಮದು ಬೇರೆ. ಒಂದು ಮಾತು ನೆನಪಿಡಿ. ಕಣ್ಣಿನ ಪೊರೆ ಆಪರೇಷನ್ ಏನಾದರೂ ಇದ್ದರೆ ಟಾಮ್ಸುಲೋಸಿನ್ ತಿನ್ನುತ್ತಿದ್ದೆ ಅಂತ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಮಾತ್ರೆ ಬಿಟ್ಟ ಮೇಲೂ ಹೇಳಬೇಕು. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲವಾಗಿ ಆಪರೇಷನ್ ಕಷ್ಟವಾಗುತ್ತದೆ. ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ.

ಮೇಗರವಳ್ಳಿ ತೋಟ · ಆಗಸ್ಟ್ 3

ತೀರ್ಮಾನ ಮಾಡಿದೆ. ಮಾಡಿಸುತ್ತೇನೆ. ಕಿಡ್ನಿ ಚೆನ್ನಾಗಿದೆ, ಚೀಲಕ್ಕೆ ಇನ್ನೂ ಶಕ್ತಿ ಇದೆ. ಅದು ಇರುವಾಗಲೇ ಆಗಲಿ. ನಡುರಾತ್ರಿ ಮಳೆಯಲ್ಲಿ ಮಗನ ಜೀಪಿನಲ್ಲಿ ಹೋಗುವ ಹಾಗೆ ಆಗುವುದು ಬೇಡ. ಇಲ್ಲೇ ಶಿವಮೊಗ್ಗದಲ್ಲಿ ಟರ್ಪ್. ಈ ಡಾಕ್ಟರು ವರ್ಷಗಟ್ಟಲೆ ಅದನ್ನೇ ಮಾಡಿದವರು. ಆಗಸ್ಟ್ ಕೊನೆಯ ವಾರ. ಆರು ವಾರ ಭಾರ ಎತ್ತುವ ಹಾಗಿಲ್ಲ, ಬೈಕು ಇಲ್ಲ. ನಮ್ಮ ರಸ್ತೆಯ ಗುಂಡಿ ಡಾಕ್ಟರಿಗೂ ಗೊತ್ತು, ಅದಕ್ಕೇ ಬೈಕಿನ ಮಾತನ್ನು ಎರಡು ಸಲ ಹೇಳಿದರು. ಆದರೂ ಕೊಯ್ಲಿಗೆ ಮುಂಚೆ ಎರಡು ತಿಂಗಳು ಸಿಗುತ್ತದೆ.

ಮೇಗರವಳ್ಳಿ ತೋಟ · ಸೆಪ್ಟೆಂಬರ್ 14

ಆಯಿತು. ಬೆನ್ನಿನ ಇಂಜೆಕ್ಷನ್ ಇರುವೆ ಕಚ್ಚಿದಷ್ಟೇ. ಒಳಗೆ ಮಾಡುವಾಗ ನೋವೇ ಗೊತ್ತಾಗಲಿಲ್ಲ. ವಾರ್ಡಿಗೆ ಬಂದ ಮೇಲೆ ನಳಿಕೆಯಲ್ಲಿ ನೀರು ಒಳಗೆ ಹೋಗುತ್ತಾ, ಹೊರಗೆ ಬರುತ್ತಾ ಇತ್ತು. ಮೊದಲ ದಿನ ನಳಿಕೆಯ ಪ್ಲಾಸ್ಟಿಕ್ ಚೀಲದ ಬಣ್ಣ ಮುರುಗಲು ಪಾನಕದ ಹಾಗೆ ಗಾಢ ಕೆಂಪು. ಮಾರನೇ ದಿನ ಅದೇ ಪಾನಕಕ್ಕೆ ನೀರು ಬೆರೆಸಿದ ಹಾಗೆ. ಮೂರನೇ ದಿನ ತಿಳಿ. ಅವತ್ತೇ ನಳಿಕೆ ತೆಗೆದರು. ಕೆರೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದರು, ಕ್ಯಾನ್ಸರ್ ಇಲ್ಲ ಅಂತ ಬಂತು.

ಹನ್ನೆರಡನೇ ದಿನ ಮನೆಯಲ್ಲಿ ಮತ್ತೆ ರಕ್ತ ಬಂತು. ಗಾಬರಿಯಾಗಿ ಫೋನ್ ಮಾಡಿದೆ. ಒಳಗಿನ ಗಾಯದ ಹಕ್ಕಳೆ ಬಿದ್ದಾಗ ಹಾಗಾಗುತ್ತದೆ, ನೀರು ಕುಡಿಯಿರಿ, ಗಡ್ಡೆ ಬಂದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ ಮಾತ್ರ ತಕ್ಷಣ ಬನ್ನಿ ಅಂದರು. ಎರಡು ದಿನಕ್ಕೆ ನಿಂತಿತು. ಹರಿವು ಜೋರಾಗಿದೆ. ಆದರೆ ಅವಸರ ಇನ್ನೂ ಇದೆ. ಬಂತು ಅಂದರೆ ತಡೆಯಲು ಆಗುವುದಿಲ್ಲ, ಎರಡು ಸಲ ಪಂಚೆ ಒದ್ದೆಯಾಯಿತು. ಮನಸ್ಸಿಗೆ ಬೇಜಾರಾಗಿದೆ.

ಹೊಸನಗರ 71 · ಸೆಪ್ಟೆಂಬರ್ 14

ನನಗೂ ಆಯಿತು. ಎರಡು ತಿಂಗಳಿಗೆ ಸರಿಹೋಯಿತು. ಮೂತ್ರ ತಡೆಯುವ ಸ್ನಾಯುವನ್ನು ಹತ್ತು ಎಣಿಸುವಷ್ಟು ಬಿಗಿ ಹಿಡಿದು ಬಿಡಿ. ದಿನಕ್ಕೆ ಮೂರು ಹೊತ್ತು, ಹತ್ತತ್ತು ಸಲ. ಮಲ ಗಟ್ಟಿಯಾಗಲು ಬಿಡಬೇಡಿ, ಮುಕ್ಕಬೇಡಿ.

ಮೇಗರವಳ್ಳಿ ತೋಟ · ನವೆಂಬರ್ 21

ಕೊಯ್ಲು ಶುರುವಾಗಿದೆ. ಕೊನೆ ಹೊರುವ ಕೆಲಸ ಮಗನದು, ನಾನು ಹಂಡೆ ಹತ್ತಿರ ಅಡಿಕೆ ಬೇಯಿಸುವುದನ್ನು ನೋಡಿಕೊಳ್ಳುತ್ತೇನೆ. ಪಂಚೆ ಒದ್ದೆಯಾಗದೆ ಐದು ವಾರ ಆಯಿತು. ಮಾತ್ರೆ ನಿಂತಿದೆ. ಉಳಿಯುವುದು 30 ಎಂ.ಎಲ್., ಹರಿವು 19. ರಾತ್ರಿ ಒಂದು ಸಲ ಏಳುತ್ತೇನೆ, ಮೂರೂವರೆ ಹೊತ್ತಿಗೆ. ಮೊನ್ನೆ ಹೆಂಡತಿ ಬೆಳಿಗ್ಗೆ ಕೇಳಿದಳು, "ರಾತ್ರಿ ಎದ್ದೇ ಇಲ್ವಾ?" ಎದ್ದಿದ್ದೆ. ಅವಳಿಗೆ ಎಚ್ಚರ ಆಗಿರಲಿಲ್ಲ.

ಶೃಂಗೇರಿ ಹುಡುಗ · ನವೆಂಬರ್ 22

ಓದಿ ತುಂಬಾ ಖುಷಿಯಾಯಿತು ಮಾವ. ನಮ್ಮ ಅಪ್ಪಯ್ಯನದು ಮುಂದಿನ ವರ್ಷ ಅಂತ ಇಬ್ಬರೂ ಡಾಕ್ಟರು ಹೇಳಿದ್ದಾರೆ. ಅವರಿಗೆ ಒಂದೇ ಹೆದರಿಕೆ. ನಳಿಕೆ ತೆಗೆಯುವಾಗ ತುಂಬಾ ನೋವಾಗುತ್ತದಾ?

ಮೇಗರವಳ್ಳಿ ತೋಟ · ನವೆಂಬರ್ 22

ಇಲ್ಲ ಮಗಾ. ಒಂದು ಸಲ ಜೋರಾಗಿ ಉಸಿರು ಬಿಡಿ ಅನ್ನುತ್ತಾರೆ, ಅಷ್ಟರಲ್ಲಿ ಹೊರಗೆ ಬಂದಿರುತ್ತದೆ. ಸ್ವಲ್ಪ ಉರಿ, ಅಷ್ಟೇ. ಮೊದಲ ಎರಡು ಸಲ ಮೂತ್ರ ಮಾಡುವಾಗಲೂ ಉರಿಯುತ್ತದೆ, ನೀರು ಚೆನ್ನಾಗಿ ಕುಡಿಯಲಿ. ಅಪ್ಪಯ್ಯನಿಗೆ ನನ್ನ ಹತ್ತಿರ ಮಾತಾಡಬೇಕು ಅನ್ನಿಸಿದರೆ ಹೇಳು, ಸಂಜೆ ಹೊತ್ತು ಹಂಡೆ ಒಲೆ ಹತ್ತಿರ ಬಿಡುವಾಗಿಯೇ ಇರುತ್ತೇನೆ.